ಬೈಕ್‌ನಲ್ಲಿ ಇಟಲಿ: ದೊಡ್ಡಜ್ಜನ ಹೆಸರು ಹುಡುಕಿಕೊಂಡು

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಬೆಳಗಾವಿ ಹತ್ತಿರ. ನಮ್ಮಜ್ಜನ ಅಣ್ಣ ಮರಾಠಾ ಪಲ್ಟನ್‌ನಲ್ಲಿದ್ದರು, ಎರಡನೇ ಮಹಾಯುದ್ಧದಲ್ಲಿ, 1943ರ ಕೊನೆಗೆ ಇಟಲಿಯಲ್ಲಿ ತೀರಿಕೊಂಡರಂತೆ. ಮನೆಯಲ್ಲಿ ಒಂದು ಹಳೇ ಕಾಗದ ಇದೆ, ಅಷ್ಟೇ. ನಾನೂ ತಮ್ಮನೂ ಒಂಬತ್ತು ದಿನ ರಜೆ ಹಾಕುತ್ತಿದ್ದೇವೆ. ಪ್ಯಾರಿಸ್‌ನಲ್ಲಿ ಬೈಕ್ ಬಾಡಿಗೆಗೆ ತಗೊಂಡು, ನಾರ್ಮಂಡಿ, ವರ್ಡನ್ ನೋಡಿ, ಆಲ್ಪ್ಸ್ ದಾಟಿ ಇಟಲಿಗೆ ಹೋಗಿ ಸಮಾಧಿ ಹುಡುಕುವ ಪ್ಲ್ಯಾನ್. ಆಗುತ್ತಾ?

ಉತ್ತರ: ಆಗುತ್ತದೆ, ಆದರೆ ಒಂಬತ್ತು ದಿನವೂ ಹೈವೇ ಮಾತ್ರ ನೋಡುತ್ತೀರಿ. ಫ್ರಾನ್ಸ್ ಪೂರ್ತಿ ಬಿಡಿ. ರೋಮ್‌ಗೆ ಇಳಿದು ಅಲ್ಲೇ ಬೈಕ್ ತಗೊಳ್ಳಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ, ದುಡ್ಡೇನೂ ಇಲ್ಲ. ಆಗ ಪಲ್ಟನ್‌ನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗೇ ಬೇರೆ, 'ಮಹ್ರಟ್ಟಾ' ಅಂತ ಓದುವ ಹಾಗೆ ನಡುವೆ ಒಂದು 'ಎಚ್' ಇರುತ್ತಿತ್ತು. ನಮ್ಮ ಹೆಸರುಗಳನ್ನು ಗುಮಾಸ್ತರು ತಮಗೆ ಕೇಳಿಸಿದ ಹಾಗೆ ಬರೆದಿದ್ದಾರೆ. ಕಾಗದದಲ್ಲಿ ಸರ್ವಿಸ್ ನಂಬರ್ ಇದ್ದರೆ ಅದನ್ನೇ ನಂಬಿ.

ಇನ್ನೊಂದು, ಸಮಾಧಿ ಹುಡುಕಬೇಡಿ, ಹೆಸರು ಹುಡುಕಿ. ದಹನ ಮಾಡಿದ ಭಾರತೀಯ ಸೈನಿಕರಿಗೆ ಅಲ್ಲಿ ಒಬ್ಬೊಬ್ಬರಿಗೂ ಕಲ್ಲು ಇಲ್ಲ. ಅವರ ಹೆಸರು ಕೆತ್ತಿದ ಸ್ಮಾರಕಗಳು ಇಟಲಿಯಲ್ಲಿ ಮೂರು: ಸಾಂಗ್ರೊ ನದಿ, ಫೊರ್ಲಿ, ರಿಮಿನಿ. ದೇಹ ಸಿಗದವರ ಹೆಸರು ಕಸಿನೊ ಸ್ಮಾರಕದಲ್ಲಿರುತ್ತದೆ. ವಿಕ್ಟೋರಿಯಾ ಕ್ರಾಸ್ ಪಡೆದ ನಾಯಕ್ ಯಶವಂತ ಘಾಡ್ಗೆ ಹೆಸರೂ ಅಲ್ಲೇ. ಅವರೂ ನಿಮ್ಮ ದೊಡ್ಡಜ್ಜನ ಪಲ್ಟನ್ನಿನವರೇ, 1944ರ ಜುಲೈ 10ರಂದು ತೀರಿಕೊಂಡರು. 1943ರ ನವೆಂಬರ್‌ನಲ್ಲಿ ಸಾಂಗ್ರೊ ದಾಟಿದ್ದು 8ನೇ ಭಾರತೀಯ ಡಿವಿಷನ್. ಅದರಲ್ಲಿ ಮರಾಠಾ ಬೆಟಾಲಿಯನ್ ಇತ್ತು. ಹಾಗಾಗಿ ನಾನಾದರೆ ಮೊದಲು ಸಾಂಗ್ರೊ ನೋಡುತ್ತೇನೆ.

ಪ್ರಶ್ನೆ: ಸಿಕ್ಕಿತು ಸರ್! ಹೆಸರು ಅರ್ಧ ತಪ್ಪು, ನಂಬರ್ ಸರಿ. ಸಾಂಗ್ರೊ ದಹನ ಸ್ಮಾರಕ. ಅವ್ವ ಅತ್ತೇಬಿಟ್ಟಳು. ಈಗ ದಾರಿ ಹೇಳಿ.

ಉತ್ತರ: ಒಳ್ಳೇದಾಯ್ತು. ರೋಮ್‌ನಿಂದ ಕಸಿನೊ ಸುಮಾರು 140 ಕಿ.ಮೀ. ಅಲ್ಲಿ ಎರಡು ರಾತ್ರಿ ಇರಿ. ಬೆಟ್ಟದ ಮೇಲಿನ ಮೊಂಟೆ ಕಸಿನೊ ಮಠಕ್ಕೆ ಹತ್ತುವ ತಿರುವಿನ ದಾರಿಯಲ್ಲಿ ನಿಧಾನವಾಗಿ ಹೋಗಿ, ಪ್ರವಾಸಿ ಬಸ್‌ಗಳು ಬರುತ್ತವೆ. 1944ರ ಫೆಬ್ರವರಿ 15ರಂದು ಮಿತ್ರಪಡೆಗಳು ಬಾಂಬ್ ಹಾಕಿ ಕೆಡವಿದ ಮಠ ಅದು, ಮತ್ತೆ ಕಟ್ಟಿದ್ದಾರೆ. ಮೇಲಿಂದ ಕೆಳಗಿನ ಕಣಿವೆ ನೋಡಿದರೆ, ಹತ್ತಿ ಬಂದ ಸೈನಿಕರ ಪಾಡು ಏನಿತ್ತು ಅಂತ ಯಾರೂ ಹೇಳಬೇಕಿಲ್ಲ. ಪಕ್ಕದಲ್ಲೇ ಪೋಲೆಂಡ್ ಸೈನಿಕರ ಸ್ಮಶಾನ.

ಅಲ್ಲಿಂದ ಇಸೆರ್ನಿಯಾ ಮೇಲೆ ಬೆಟ್ಟ ದಾಟಿ, ಸಾಂಗ್ರೊ ಕಣಿವೆ ಹಿಡಿದು ಪೂರ್ವದ ಕಡಲಿಗೆ ಇಳಿಯಿರಿ. ಜರ್ಮನ್ನರ ರಕ್ಷಣಾ ಸಾಲಾದ ಗುಸ್ತಾವ್ ಲೈನ್ ಕೂಡ ಈ ಕಡಲಿನಿಂದ ಆ ಕಡಲಿಗೆ ಹೆಚ್ಚುಕಡಿಮೆ ಇದೇ ಬೆಟ್ಟಗಳಲ್ಲಿ ಹಾದಿತ್ತು. ಬೈಕ್‌ಗೆ ಇಡೀ ಪ್ರವಾಸದಲ್ಲಿ ಇದೇ ಒಳ್ಳೆಯ ದಿನ. ನಿಮ್ಮ ಸ್ಮಾರಕ ಇರುವ ಸ್ಮಶಾನ ತೊರಿನೊ ದಿ ಸಾಂಗ್ರೊ ಊರಿನ ಹತ್ತಿರ. ಜಿಪಿಎಸ್‌ನಲ್ಲಿ ಬರೀ 'ತೊರಿನೊ' ಹಾಕಬೇಡಿ, ಉತ್ತರದ ಟ್ಯೂರಿನ್‌ಗೆ ಕರೆದೊಯ್ಯುತ್ತದೆ!

ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್‌ನಲ್ಲಿ ಜಾಕೆಟ್ ಒಳಗೆ ಬೆಂದುಹೋಗುತ್ತೀರಿ. ಲೈಸೆನ್ಸ್ ಜೊತೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ. ಹಳೇ ಪೇಟೆಗಳಲ್ಲಿ 'ಝೆಡ್‌ಟಿಎಲ್' (ಅಂದರೆ ವಾಹನಗಳಿಗೆ ನಿರ್ಬಂಧ ಇರುವ ಜಾಗ) ಬೋರ್ಡ್ ಕಂಡರೆ ಹೊರಗೇ ನಿಲ್ಲಿಸಿ, ಕ್ಯಾಮೆರಾ ಇರುತ್ತದೆ. ನನ್ನ ಜೊತೆ ಬಂದವರೊಬ್ಬರಿಗೆ ತಿಂಗಳುಗಳ ಮೇಲೆ ದಂಡದ ಚೀಟಿ ಮನೆಗೇ ಬಂತು.

ಪ್ರಶ್ನೆ: ಅವ್ವ ಕಾಯಿ, ಕುಂಕುಮ, ದೀಪ ಕೊಟ್ಟು ಕಳಿಸುತ್ತಾಳಂತೆ. ಅಲ್ಲಿ ನಡೆಯುತ್ತಾ ಸರ್?

ಉತ್ತರ: ಹೂವು ಇಡಿ, ಯಾರೂ ಏನೂ ಅನ್ನುವುದಿಲ್ಲ. ಕಾಯಿ ಒಡೆಯುವುದು, ಕಲ್ಲಿಗೆ ಕುಂಕುಮ ಹಚ್ಚುವುದು ಬೇಡ, ಕಲೆ ಹೋಗುವುದಿಲ್ಲ. ದೀಪವೂ ಬೇಡ, ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ. ಅವ್ವನಿಗೆ ನಾನು ಹೇಳಿದೆ ಅಂತ ಹೇಳಿ, ಬೈದರೆ ನನ್ನನ್ನು ಬೈಯಲಿ. ಭೇಟಿ ಕೊಟ್ಟವರು ಬರೆಯಲು ಒಂದು ಪುಸ್ತಕ ಇಟ್ಟಿರುತ್ತಾರೆ. ಕನ್ನಡದಲ್ಲೇ ಬರೆಯಿರಿ. ಪೆನ್ನು ಮಾತ್ರ ನಿಮ್ಮದೇ ಒಯ್ಯಿರಿ.