ಹಳೇ ತೊಟ್ಟಿಮನೆಯಲ್ಲಿ ಕಲಾವಿದರ ರೆಸಿಡೆನ್ಸಿ: ಏನೇನು ನೋಡಿಕೊಳ್ಳಬೇಕು?

ತೊಟ್ಟಿಮನೆ_ಹಾಸನ:
ಎಲ್ಲರಿಗೂ ನಮಸ್ಕಾರ. ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿ ಗುಡಿಗೆ ಹತ್ತಿರವೇ ನಮ್ಮ ಮನೆತನದ ತೊಟ್ಟಿಮನೆ ಖಾಲಿ ಇದೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ, ನಾಲ್ಕು ಕೋಣೆ, ಒಂದು ದೊಡ್ಡ ಹಜಾರ. ನಾಲ್ಕು ಜನ ಕಲಾವಿದರನ್ನು (ಇಬ್ಬರು ಪೇಂಟಿಂಗ್, ಒಬ್ಬರು ಸೆರಾಮಿಕ್, ಒಬ್ಬರು ಫೋಟೋಗ್ರಫಿ) ನಾಲ್ಕು ವಾರ ಇರಿಸಿಕೊಂಡು ರೆಸಿಡೆನ್ಸಿ ನಡೆಸುವ ಯೋಚನೆ. ಯಾವ ತಿಂಗಳು ಒಳ್ಳೇದು? ಹಿತ್ತಿಲಲ್ಲಿ ಎರಡು ಬಾತ್‌ರೂಮ್ ಹೊಸದಾಗಿ ಕಟ್ಟಬಹುದಾ? ಗೋಡೆ ಅಲ್ಲಲ್ಲಿ ಉದುರುತ್ತಿದೆ, ಸಿಮೆಂಟ್ ಹೊಡೆಸಿದರೆ ಸಾಕಾ? ಎಲೆಕ್ಟ್ರಿಕ್ ಕಿಲ್ನ್‌ಗೆ (ಮಡಕೆ ಸುಡುವ ಕರೆಂಟ್ ಗೂಡು) ಮನೆ ಲೈನ್ ತಡೆಯುತ್ತಾ? ಗುಡಿ ಒಳಗೆ ಕೂತು ಚಿತ್ರ ಬರೆಯೋಕೆ ಬಿಡ್ತಾರಾ?

ಕಾಗದಪತ್ರ:
ಮೊದಲು ಬಾತ್‌ರೂಮ್ ವಿಷಯ ಬಗೆಹರಿಸಿಕೊಳ್ಳಿ ಸರ್, ಉಳಿದದ್ದು ಆಮೇಲೆ. ಆ ಗುಡಿ ಎಎಸ್‌ಐ (ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ) ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಪ್ರಕಾರ ಮೊದಲ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಜನ ಎಡವುವುದು ಅಳತೆಯಲ್ಲಿ. ಗುಡಿಯ ಗೋಡೆಗೆ ಟೇಪ್ ಹಿಡಿದು "ನಮ್ಮನೆ 110 ಮೀಟರ್ ಇದೆ" ಅಂದುಕೊಳ್ಳುತ್ತಾರೆ. ಲೆಕ್ಕ ಶುರುವಾಗುವುದು ಸಂರಕ್ಷಿತ ಜಾಗದ ಗಡಿಯಿಂದ, ಕಟ್ಟಡದಿಂದಲ್ಲ. 100 ಮೀಟರ್ ಒಳಗಿದ್ದರೆ ಹಿತ್ತಿಲಲ್ಲಿ ಹೊಸ ಬಾತ್‌ರೂಮ್ ಕನಸು ಬಿಡಿ. ಇರುವ ಮನೆಯ ದುರಸ್ತಿಗೆ ಅವಕಾಶ ಇದೆ, ಆದರೆ ಅದಕ್ಕೂ ಅನುಮತಿ ಬೇಕು. ಹಾಗಾಗಿ ಇರುವ ಕೋಣೆಯೊಂದನ್ನೇ ಬಚ್ಚಲು ಮಾಡುವ ನಕ್ಷೆ ಬರೆಸಿ ಅರ್ಜಿ ಹಾಕಿ. ಪಂಚಾಯ್ತಿಯವರು ಹೂಂ ಅಂದರು ಅಂತ ಪಾಯ ತೋಡಬೇಡಿ, ಅವರ ಒಪ್ಪಿಗೆ ಇದಕ್ಕೆ ಬದಲಾಗುವುದಿಲ್ಲ.

ಗುಡಿ ಒಳಗೆ ಚಿತ್ರ ಬರೆಯುವುದಕ್ಕೂ 1959ರ ನಿಯಮಗಳಿವೆ. ಕೈಯಲ್ಲಿ ಸ್ಕೆಚ್‌ಬುಕ್ ಹಿಡಿದು ಬರೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಈಸೆಲ್, ಡ್ರಾಯಿಂಗ್ ಬೋರ್ಡ್, ಸ್ಟೂಲು, ದೊಡ್ಡ ಕೊಡೆ, ಕ್ಯಾಮೆರಾ ಸ್ಟ್ಯಾಂಡ್, ಲೈಟು, ಇವಿಷ್ಟಕ್ಕೂ ಮೊದಲೇ ಲಿಖಿತ ಅನುಮತಿ ಬೇಕು. ನಿಮ್ಮ ಫೋಟೋಗ್ರಾಫರ್‌ಗೆ ಇದನ್ನು ಆಹ್ವಾನ ಪತ್ರದಲ್ಲೇ ತಿಳಿಸಿ, ಇಲ್ಲದಿದ್ದರೆ ಟ್ರೈಪಾಡ್ ಹೊತ್ತು ಬಂದು ಬಾಗಿಲಲ್ಲೇ ನಿಲ್ಲಬೇಕಾಗುತ್ತೆ. ಶಿಲ್ಪದ ಮೇಲೆ ಕಾಗದ ಇಟ್ಟು ಅಚ್ಚು ತೆಗೆಯುವುದು, ಎಣ್ಣೆ ನೀರು ಸವರುವುದು ಸುತರಾಂ ಬೇಡ. ಬಳಪದ ಕಲ್ಲು ಮೆದು, ಜಿಡ್ಡು ಕುಡಿದರೆ ಕಲೆ ಹೋಗುವುದಿಲ್ಲ.

ಸುಣ್ಣಗಾರೆ:
ಸಿಮೆಂಟ್ ಬೇಡವೇ ಬೇಡ. ಮಣ್ಣಿನ ಗೋಡೆ ನೆಲದ ಥಂಡಿಯನ್ನು ಎಳೆದುಕೊಂಡು ಮೈಯಿಂದ ಹೊರಗೆ ಬಿಡುತ್ತಿರುತ್ತೆ. ಮೇಲೆ ಸಿಮೆಂಟ್ ಗಿಲಾವು ಬಿದ್ದರೆ ಆ ದಾರಿ ಮುಚ್ಚುತ್ತೆ. ಒಂದೆರಡು ಮಳೆಗಾಲ ಚೆನ್ನಾಗೇ ಕಾಣುತ್ತೆ, ಆಮೇಲೆ ಒಳಗೆ ಮಣ್ಣು ಮೆತ್ತಗಾಗಿ ಗಿಲಾವು ಹಲಗೆ ಹಲಗೆಯಾಗಿ ಕಳಚುತ್ತೆ. ಬೆರಳಲ್ಲಿ ತಟ್ಟಿ ನೋಡಿ, ಡಬಡಬ ಅಂದರೆ ಒಳಗೆ ಬಿಟ್ಟಿದೆ ಅಂತ ಅರ್ಥ.

ಗೋಡೆಗೆ ಕೈ ಹಾಕುವ ಮುಂಚೆ ಕಾರಣ ಹುಡುಕಿ. ಒಡೆದ ಹೆಂಚು ಬದಲಿಸಿ. ಹೊರಗಡೆ ರಸ್ತೆ ಏರಿಸಿ ಏರಿಸಿ ಗೋಡೆಯ ಬುಡಕ್ಕೆ ಮಣ್ಣು ಒತ್ತಿದ್ದರೆ ಅದನ್ನು ಒಳಗಿನ ನೆಲದ ಮಟ್ಟಕ್ಕಿಂತ ಕೆಳಗಿಳಿಸಿ, ನೀರು ಹರಿದು ಹೋಗುವ ಹಾಗೆ ಇಳಿಜಾರು ಕೊಡಿ. ಇದು ಮಾಡದೆ ಏನು ಮೆತ್ತಿದರೂ ದಂಡ.

ಆಮೇಲೆ ಗಿಲಾವು: ಊರಿನದೇ ಮಣ್ಣು ಜರಡಿ ಹಿಡಿದು, ಬತ್ತದ ಹೊಟ್ಟು ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ, ತುಳಿದು, ಒಂದು ವಾರ ನೆನೆಯಲು ಬಿಡಿ. ಮೊದಲು ಒಂದಡಿ ಜಾಗದಲ್ಲಿ ಮೆತ್ತಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಜೇಡಿ ಜಾಸ್ತಿ, ಮರಳು ಸೇರಿಸಿ. ಕೈಗೆ ಪುಡಿ ಹತ್ತಿದರೆ ಜೇಡಿ ಕಮ್ಮಿ. ಹಳೇ ಗೋಡೆಗೆ ನೀರು ಚಿಮುಕಿಸಿಯೇ ಹಚ್ಚಬೇಕು, ಒಣ ಗೋಡೆ ಹೊಸ ಮಣ್ಣಿನ ನೀರನ್ನು ಹೀರಿಬಿಡುತ್ತೆ. ಪೂರ್ತಿ ಒಣಗಿದ ಮೇಲೆ ಸುಣ್ಣ, ತೆಳುವಾಗಿ ಮೂರು ಸಲ. ದಪ್ಪಗೆ ಒಂದೇ ಸಲ ಹೊಡೆದರೆ ಹಪ್ಪಳ ಏಳುತ್ತೆ. ಸುಣ್ಣದ ಕಲ್ಲು ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತೆ. ಕನ್ನಡಕ ಹಾಕಿಕೊಳ್ಳದೆ ಯಾರೂ ಹತ್ತಿರ ಹೋಗದಿರಲಿ.

ಕುಂಚ:
ತಿಂಗಳು: ಜನವರಿ ಎರಡನೇ ವಾರದಿಂದ ಫೆಬ್ರವರಿ ಮಧ್ಯ. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಪೇಪರ್‌ಗೆ ಬೂಷ್ಟು ಹಿಡಿಯುತ್ತೆ. ಜಲವರ್ಣದ ಪೇಪರ್‌ನಲ್ಲಿ ಅಂಟಿನ ಲೇಪ ಇರುತ್ತೆ. ಥಂಡಿಗೆ ಅದು ಕೆಟ್ಟರೆ ಬಣ್ಣ ಬ್ಲಾಟಿಂಗ್ ಪೇಪರ್ ಮೇಲೆ ಬಿದ್ದ ಶಾಯಿಯ ಹಾಗೆ ಚುಕ್ಕೆ ಚುಕ್ಕೆಯಾಗಿ ಹರಡುತ್ತೆ, ಮತ್ತೆ ಸರಿ ಮಾಡಲು ಬರುವುದಿಲ್ಲ. ಪೇಪರ್ ತಗಡಿನ ಟ್ರಂಕಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಟ್ರಂಕನ್ನು ನೆಲಕ್ಕೆ ಬಿಡದೆ ಇಟ್ಟಿಗೆ ಮೇಲೆ ಕೂರಿಸಿ. ಜನವರಿಯಲ್ಲೂ ರಾತ್ರಿ ಇಬ್ಬನಿ ಬೀಳುತ್ತೆ, ಕ್ಯಾನ್ವಾಸ್ ತೊಟ್ಟಿಯಲ್ಲಿ ಒಣಗಲು ಬಿಟ್ಟು ಮಲಗಬೇಡಿ.

ಬೆಳಕು: ಹಜಾರದ ಉತ್ತರ ಇಳಿಜಾರಿನಲ್ಲಿ ಕೆಲವು ಹೆಂಚು ತೆಗೆದು ಗಾಜಿನ ಹೆಂಚು ಹಾಕಿ. ದಕ್ಷಿಣಕ್ಕೆ ಹಾಕಿದರೆ ಬಿಸಿಲಿನ ಚೌಕ ಕ್ಯಾನ್ವಾಸ್ ಮೇಲೆ ನಡೆದಾಡುತ್ತೆ. ಸಂಜೆಗೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನುವ ಅಳತೆ) 90ಕ್ಕೆ ಮೇಲಿನ, ಹಗಲಿನಂಥ ಬಿಳಿ ಬೆಳಕಿನ 5000 ಕೆಲ್ವಿನ್ ಎಲ್‌ಇಡಿ, ಎಲ್ಲಾ ಒಂದೇ ಬಗೆಯದು. ಯಾರೂ ಹೇಳದ ಇನ್ನೊಂದು ಸಂಗತಿ ನಿಮ್ಮ ಕೆಂಪು ನೆಲ. ಮೇಲಿನ ಬೆಳಕು ಅದರ ಮೇಲೆ ಬಿದ್ದು ಕ್ಯಾನ್ವಾಸಿನ ಕೆಳಭಾಗಕ್ಕೆ ಕೆಂಪು ಛಾಯೆ ಎರಚುತ್ತೆ. ಅಲ್ಲಿ ಬೆರೆಸಿದ ಬಣ್ಣ ಬೆಂಗಳೂರಿನ ಗ್ಯಾಲರಿಯ ಬಿಳಿ ಬೆಳಕಲ್ಲಿ ಹಸಿರಿಗೆ ತಿರುಗಿದಂತೆ ಕಾಣುತ್ತೆ. ಬೂದು ಬಣ್ಣದ ಟಾರ್ಪಾಲ್ ಹಾಸಿ, ನೆಲಕ್ಕೆ ಟರ್ಪೆಂಟೈನ್ ಕಲೆ ಬೀಳುವುದೂ ತಪ್ಪುತ್ತೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆ ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಕಾದು ಹೊತ್ತಿಕೊಳ್ಳುತ್ತೆ. ಮರದ ತೊಲೆಯ ಮನೆ, ಪಕ್ಕದಲ್ಲಿ ಹುಲ್ಲಿನ ಬಣವೆ, ಯೋಚಿಸಿ. ಮುಚ್ಚಳದ ಡಬ್ಬಿಗೆ ನೀರು ತುಂಬಿ ಅದರಲ್ಲೇ ಹಾಕಿಸಿ. ಬಳಸಿದ ಟರ್ಪೆಂಟೈನ್ ತೊಟ್ಟಿಯ ಮೋರಿಗೆ ಹೋಗಬಾರದು, ಅದು ಸೇರುವುದು ಕೆರೆಗೆ. ಬಾಟಲಿಯಲ್ಲಿ ತಿಳಿಯಾಗಲು ಬಿಟ್ಟು ಮೇಲಿನದನ್ನು ಮತ್ತೆ ಬಳಸಿ. ಕೊನೆಯ ವಾರ ಎಣ್ಣೆಬಣ್ಣದ ಹೊಸ ಕೆಲಸ ಶುರು ಮಾಡಿಸಬೇಡಿ, ಒಣಗದೆ ಸಾಗಿಸಲಾಗುವುದಿಲ್ಲ.

ಮಣ್ಣುಮಡಕೆ:
ಕಿಲ್ನ್ ಕೈಬಿಡಿ. 6 ಕಿಲೋವ್ಯಾಟ್‌ನ ಸಣ್ಣದೂ 26 ಆಂಪ್ಸ್ ಎಳೆಯುತ್ತೆ, ಮನೆಯ ಪ್ಲಗ್ 16 ಆಂಪ್ಸ್‌ನದು. ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಲೋಡ್ ಹೆಚ್ಚಿಸಿಕೊಂಡರೂ ಎಂಟು ಹತ್ತು ಗಂಟೆಯ ಬೇಯಿಸುವಿಕೆಯ ನಡುವೆ ಕರೆಂಟ್ ಹೋದರೆ ಆ ಸುತ್ತು ಹಾಳು. ನಾಲ್ಕು ವಾರಕ್ಕೆ ಗುಂಡಿ ಸುಡುವಿಕೆಯೇ ವಾಸಿ. ಮೂರಡಿ ಆಳದ ಗುಂಡಿ, ಮೊದಲು ಅದರಲ್ಲಿ ಬರೀ ಸೌದೆ ಉರಿಸಿ ತೇವ ಆರಿಸಿ. ತಳಕ್ಕೆ ಹೊಟ್ಟು, ಮೇಲೆ ಬೆರಣಿ, ನಡುವೆ ಪಾತ್ರೆ, ಮತ್ತೆ ಬೆರಣಿ, ಹುಲ್ಲು, ಕೊನೆಗೆ ಕೆಸರಿನ ಹೊದಿಕೆ ಮತ್ತು ಹೊಗೆಗಂಡಿ. ಪೂರ್ತಿ ಆರುವವರೆಗೆ, ಅಂದರೆ ಮರುದಿನದ ತನಕ, ಬಗೆಯಬೇಡಿ. ಪಾತ್ರೆಯ ಗೋಡೆ ಒಂದು ಸೆಂಟಿಮೀಟರ್ ಒಳಗಿರಲಿ, ಒಳಗೆ ತೇವ ಉಳಿದರೆ ಆವಿಯಾಗಿ ಸಿಡಿಯುತ್ತೆ. ಇಲ್ಲಿ ಸಿಗುವುದು 700ರಿಂದ 900 ಡಿಗ್ರಿ, ಟೆರಾಕೋಟಾ ಅಷ್ಟೇ. ಸ್ಟೋನ್‌ವೇರ್ ಗ್ಲೇಜ್ (ಇನ್ನೂ ಹೆಚ್ಚು ಶಾಖ ಬೇಡುವ ಗಾಜಿನಂಥ ಲೇಪ) ಬೇಕೆನ್ನುವವರನ್ನು ಈ ಜಾಗಕ್ಕೆ ಕರೆಯಬೇಡಿ.

ತೊಟ್ಟಿಮನೆ_ಹಾಸನ:
ತುಂಬಾ ಉಪಕಾರ ಆಯ್ತು. ಸಿಮೆಂಟ್, ಕಿಲ್ನ್ ಎರಡೂ ಬಿಟ್ಟೆ. ಬಂದವರಿಂದ ಒಂದೊಂದು ಕೃತಿ ಇಟ್ಟುಕೊಳ್ಳಬಹುದಾ? ವಿದೇಶದವರು ಅರ್ಜಿ ಹಾಕಿದರೆ? ಇನ್ವರ್ಟರ್ ಯಾವುದು ಸಾಕು?

ಕಾಗದಪತ್ರ:
ಕೃತಿ ಕೇಳುವುದಾದರೆ ಅಳತೆ, ಮಾಧ್ಯಮ, ಯಾರು ಆರಿಸಬೇಕು ಅನ್ನುವುದನ್ನು ಮೊದಲೇ ಒಪ್ಪಂದದಲ್ಲಿ ಬರೆಯಿರಿ. ಕೃತಿ ನಿಮ್ಮ ಗೋಡೆಯಲ್ಲಿದ್ದರೂ ಬರೆದುಕೊಡದ ಹೊರತು ಕಾಪಿರೈಟ್ ಕಲಾವಿದರದ್ದೇ, ಅದನ್ನು ಕ್ಯಾಲೆಂಡರ್ ಮಾಡಿಸಿ ಮಾರುವ ಹಾಗಿಲ್ಲ. ನನ್ನ ಕೇಳಿದರೆ ಕಡ್ಡಾಯ ಮಾಡದಿರುವುದೇ ಮರ್ಯಾದೆ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ನೀವು ಆನ್‌ಲೈನ್‌ನಲ್ಲಿ ಅವರ ವಿವರ ಸರ್ಕಾರಕ್ಕೆ ಸಲ್ಲಿಸಬೇಕು. ಮೊದಲ ವರ್ಷ ನಮ್ಮವರೇ ಸಾಕು, ಅದೂ ಇಬ್ಬರು.

ಇನ್ವರ್ಟರ್‌ಗೆ ನಾಲ್ಕು ಫ್ಯಾನ್, ಎಂಟು ಎಲ್‌ಇಡಿ, ನಾಲ್ಕು ಲ್ಯಾಪ್‌ಟಾಪ್ ಸೇರಿದರೆ ಸುಮಾರು 580 ವ್ಯಾಟ್. 150 ಎಎಚ್ ಬ್ಯಾಟರಿ ಒಂದಿದ್ದರೆ ಎರಡು ಗಂಟೆ. ಗೀಸರ್ ಅದಕ್ಕೆ ಜೋಡಿಸಬೇಡಿ, ನೀರು ಒಲೆ ಹಂಡೆಯಲ್ಲೇ ಕಾಯಲಿ.

ಕುಂಚ:
ಊರವರಿಗೆ ಕೆಲಸ ತೋರಿಸುವ ದಿನ ಇಡುವುದಾದರೆ ಭಾನುವಾರ ಅಂತ ನೀವೇ ತೀರ್ಮಾನಿಸಬೇಡಿ. ಸೋಮವಾರ ಆರು ಕಟ್ಟದ (ಉಳುಮೆ ಮಾಡದ) ಊರಾದರೆ ಅವತ್ತೇ ಜನ ಬಿಡುವಾಗಿರುತ್ತಾರೆ. ಕೇಳಿಕೊಂಡು ಗೊತ್ತು ಮಾಡಿ, ಸಂತೆಯ ದಿನ ಮಾತ್ರ ಬೇಡ.