ಬಳ್ಳಾರಿ ಬಿಸಿಲಲ್ಲಿ ಎರಡು ಹಾವಿಗೆ ಎಂಥ ಗೂಡು?

ಕೇಳಿದವರು, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ವರ್ಷದ ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಇದೆ, ಮೂರಡಿ ಹತ್ತಿರ ಹತ್ತಿರ ಬೆಳೆದಿದೆ. ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಪರಿಚಯದವರೊಬ್ಬರು ಊರು ಬಿಡುತ್ತಿದ್ದಾರೆ, ಅವರ ಕಾರ್ನ್ ಸ್ನೇಕ್ ಮುಂದಿನ ತಿಂಗಳು ನನ್ನ ಮನೆಗೆ ಬರುತ್ತೆ. ಮೀನಿನ ಅಂಗಡಿಯಲ್ಲಿ ನಾಲ್ಕಡಿ ಉದ್ದದ ಹಳೇ ಗಾಜಿನ ಟ್ಯಾಂಕ್ ಕಡಿಮೆ ರೇಟಿಗೆ ಕೊಡ್ತೀನಿ ಅಂತಿದ್ದಾರೆ. ಎರಡನ್ನೂ ಅದರಲ್ಲೇ ಇಡಬಹುದಾ? ನಡುವೆ ಗಾಜು ಅಡ್ಡ ಹಾಕಿಸಿದರೆ ಹೇಗೆ? ನನ್ನ ರೂಮು ಮೇಲಿನ ಮಹಡಿಯಲ್ಲಿದೆ, ಅದರ ಮೇಲೆ ಬರೀ ತಾರಸಿ. ಸಾಕಿದವರು ದಯವಿಟ್ಟು ಹೇಳಿ.

ರಾಯಚೂರಿನಿಂದ:

ತಮ್ಮಾ, ಟ್ಯಾಂಕಿಗೆ ದುಡ್ಡು ಕೊಡುವ ಮೊದಲು ಒಂದು ಥರ್ಮಾಮೀಟರ್ ತಗೊಂಡು ಗೂಡು ಇಡಬೇಕೆಂದಿರುವ ಜಾಗದಲ್ಲೇ ಇಡು. ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಹನ್ನೊಂದಕ್ಕೊಮ್ಮೆ ಓದು. ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿ ರಾತ್ರಿ ಕೆಳಗೆ ಇಳಿಸುತ್ತೆ, ಅದಕ್ಕೇ ಎರಡು ಸಲ. ಗೂಡಿನ ಮಾತು ಆಮೇಲೆ.

ಯಾಕೆ ಹೇಳ್ತೀನಿ ಅಂದರೆ, ಹಾವು ಸಾಕುವ ಬಗ್ಗೆ ನಮಗೆ ಓದಲು ಸಿಗುವುದೆಲ್ಲ ಚಳಿ ದೇಶದವರು ಬರೆದದ್ದು. ಅವರಿಗೆ ಗೂಡು ಬೆಚ್ಚಗಿಡುವುದೇ ದೊಡ್ಡ ಚಿಂತೆ. ನಮ್ಮ ರಾಯಚೂರು, ಬಳ್ಳಾರಿಯಲ್ಲಿ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ಮಾರ್ಚಿನಿಂದ ಜೂನ್ ತನಕ ಬಿಸಿಯನ್ನು ಹೊರಗಿಡುವುದೇ ಕೆಲಸ. ಥರ್ಮೋಸ್ಟಾಟ್ ಹೀಟರನ್ನು ಆರಿಸಬಲ್ಲದು, ಕೋಣೆಯ ಗಾಳಿಯನ್ನು ತಣ್ಣಗೆ ಮಾಡಲಾರದು.

ನಾನೂ ಮೊದಲು ತಂದದ್ದು ಮೀನಿನ ಟ್ಯಾಂಕೇ. ಅದಕ್ಕೆ ಬಾಯಿ ಇರುವುದು ಮೇಲೆ ಮಾತ್ರ, ನಾಲ್ಕೂ ಕಡೆ ಗಾಜು, ಗಾಳಿ ಆಡುವುದಿಲ್ಲ. ಒಂದು ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನು, ಕೂಲರ್ ಎರಡೂ ನಿಂತಿದ್ದವು. ಕೆಲಸದಿಂದ ಬಂದು ನೋಡಿದರೆ ಒಳಗೆ 38 ಡಿಗ್ರಿ. ನನ್ನ ಬಾಲ್ ಪೈಥಾನ್ ನೀರಿನ ಬಟ್ಟಲಲ್ಲಿ ಇಡೀ ಮೈ ತುರುಕಿಕೊಂಡು, ಗದ್ದ ಮಾತ್ರ ಅಂಚಿನ ಮೇಲಿಟ್ಟು ಬಾಯಿ ಅರೆ ತೆರೆದಿತ್ತು. ಆ ನೀರು ಮುಟ್ಟಿದರೆ ಅದೂ ಉಗುರುಬೆಚ್ಚಗೆ. ಎತ್ತಿಕೊಂಡು ಕೆಳಗೆ ಅಡುಗೆಮನೆಗೆ ಓಡಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿಟ್ಟೆ. ಅರ್ಧ ತಾಸು ಅದು ಅಲುಗಲಿಲ್ಲ. ನಾನೂ ಪಕ್ಕದಲ್ಲೇ ಕೂತಿದ್ದೆ. ಬದುಕಿತು. ಅದಾದ ಮೇಲೆ ಮೂರು ವಾರ ಊಟ ಮುಟ್ಟಲಿಲ್ಲ. ಅವತ್ತೇ ಗೂಡು ಕೆಳಗಿನ ಉತ್ತರದ ಕೋಣೆಗೆ ಬಂತು, ಮತ್ತೆ ಮೇಲೆ ಹೋಗಿಲ್ಲ.

ಈಗ ನಿನ್ನ ಪ್ರಶ್ನೆಗೆ. ಎರಡನ್ನೂ ಒಂದೇ ಕಡೆ ಇಡಬೇಡ, ಇದರಲ್ಲಿ ಎರಡು ಮಾತಿಲ್ಲ. ಬಾಲ್ ಪೈಥಾನ್ ಆಫ್ರಿಕಾದ್ದು. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 26ರ ಆಸುಪಾಸು ಬೇಕು. ತೇವ ಶೇಕಡಾ 60 ಇದ್ದರೆ ಪೊರೆ ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡಾಗಿ ಬರುತ್ತೆ. ಕಾರ್ನ್ ಸ್ನೇಕ್ ಅಮೆರಿಕದ್ದು. ಅದಕ್ಕೆ ಬಿಸಿ ತುದಿ 29 ಸಾಕು, ತಂಪಿನ ತುದಿ 24ರ ಹತ್ತಿರ ಇರಬೇಕು, ತೇವ 40, 50 ಇದ್ದರೆ ಸಾಕು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿಂಸೆ. ಕಾರ್ನ್ ಸ್ನೇಕ್ ತನ್ನ ಜಾತಿಯ ಹಾವನ್ನೇ ನುಂಗಿದ್ದೂ ಉಂಟು. ಎರಡು ಹಾವು ಒಂದರ ಮೇಲೊಂದು ಮಲಗಿದ್ದನ್ನು ಕಂಡು ಸ್ನೇಹ ಅಂದುಕೊಳ್ಳುತ್ತಾರೆ. ಇರುವ ಒಂದೇ ಒಳ್ಳೆಯ ಜಾಗ ಇಬ್ಬರಿಗೂ ಬೇಕಾಗಿರುತ್ತೆ, ಅಷ್ಟೇ.

ಅಡ್ಡಗಾಜೂ ಬೇಡ. ನಾಲ್ಕಡಿಯನ್ನು ಪಾಲು ಮಾಡಿದರೆ ತಲಾ ಎರಡಡಿ. ಅಷ್ಟರಲ್ಲಿ ಬಿಸಿ ತುದಿ, ತಂಪು ತುದಿ ಅಂತ ಎರಡು ಮಾಡಲು ಜಾಗ ಎಲ್ಲಿದೆ? ಬೆಳೆದ ಹಾವಿಗೆ ತಲಾ 4×2×2 ಅಡಿಯ ಗೂಡು ಲೆಕ್ಕ ಹಾಕು. ಹಾವು ಪೂರ್ತಿ ಮೈ ಚಾಚುವಷ್ಟಾದರೂ ಉದ್ದ ಇರಲಿ.

ಗಂಗಾವತಿಯಿಂದ:

ಅಕ್ಕಾವ್ರು ಹೇಳಿದ್ದು ಖರೇ ಐತಿ. ನಂದು ಮರದ ಗೂಡಿನ ಅನುಭವ. ನಮ್ಮ ಬಡಿಗೇರ ಕಾಕಾನ ಕಡೆ 18 ಎಂಎಂ ಪ್ಲೈವುಡ್‌ನಾಗ ಎರಡು ಗೂಡು ಮಾಡಿಸೀನಿ, ಮುಂದ ಜಾರೋ ಗಾಜು. ಮರ ಗಾಜಿನಷ್ಟು ಲಗೂನ ಕಾಯಂಗಿಲ್ಲ, ತೇವಾನೂ ಹಿಡಿದಿಡ್ತದ. ಗಾಳಿಕಿಂಡಿ ಎರಡು ಬೇಕ್ರಿ: ಒಂದು ಬದಿಗೆ ಕೆಳಗ, ಇನ್ನೊಂದು ಬದಿಗೆ ಮ್ಯಾಲ. ಬಿಸಿ ಗಾಳಿ ಮ್ಯಾಲೆ ಹೊಂಟಂಗ ಕೆಳಗಿಂದ ತಂಪು ಒಳಗ ಬರತದ. ಒಳಗಿನ ಮೂಲಿಗೆಲ್ಲ ಸಿಲಿಕೋನ್ ಬಳಸಿ, ವಾಸನಿ ಪೂರಾ ಹೋಗೋತನಕ ಎರಡು ವಾರ ಖಾಲಿ ಇಟ್ಟಿದ್ದೆ.

ನಾನು ಮಾಡಿದ ತಪ್ಪು ಕೇಳ್ರಿ. ಜಾಗ ಉಳಿತದಂತ ಒಂದರ ಮ್ಯಾಲೊಂದು ಇಟ್ಟೆ, ಕಾರ್ನ್ ಸ್ನೇಕ್ ಮ್ಯಾಲ, ಬಾಲ್ ಪೈಥಾನ್ ಕೆಳಗ. ಮ್ಯಾಲಿನ ಗೂಡು ಯಾವಾಗ ನೋಡಿದ್ರೂ ಕೆಳಗಿಂದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. ತಂಪು ಬೇಕಾದ ಹಾವೇ ಮ್ಯಾಲೆ ಬೇಯಾಕತ್ತಿತ್ತು. ಅದಲುಬದಲು ಮಾಡಿದ ಮ್ಯಾಲೆ ಸರಿ ಆತು. ನಡುವ ನಾಲ್ಕು ಬೆರಳು ಸಂದಿ ಬಿಟ್ಟೀನಿ.

ಚಿಲಕದ ವಿಷಯ ಹಗುರ ಮಾಡಬ್ಯಾಡ್ರಿ. ಕಾರ್ನ್ ಸ್ನೇಕ್ ತಲಿ ತೂರಿದ್ರ ಮೈಯೆಲ್ಲ ತೂರಿದಂಗ. ನಂದು ಒಮ್ಮೆ ಗಾಜಿನ ಸಂದಿಯಿಂದ ಹೊರಗ ಬಿದ್ದು, ಬಾಜೂ ಮನಿ ಕಟ್ಟಿಗಿ ರಾಶಿಯಾಗ ಸಿಕ್ತು. ಮೈಮ್ಯಾಲಿನ ಕಂದು ಮಚ್ಚಿ ನೋಡಿ ಆ ಮನಿ ಅಜ್ಜಿ "ಕೊಳಕುಮಂಡಲ!" ಅಂತ ಚೀರಿದ್ಲು. ಅವರ ಮಗ ಬಡಿಗಿ ಎತ್ತಿದ್ದ. ನಾನು ಅಡ್ಡ ಹೋಗದಿದ್ರ ಅಲ್ಲೇ ಮುಗೀತಿತ್ತು. ಅಜ್ಜಿದೇನೂ ತಪ್ಪಿಲ್ಲ ಬಿಡ್ರಿ, ನಮ್ಮ ಹೊಲದಾಗ ಖರೇ ಕೊಳಕುಮಂಡಲ ಇರ್ತಾವ. ಈಗ ಶೋಕೇಸಿಗೆ ಹಾಕೋ ಹಲ್ಲಿನ ಲಾಕ್ ಹಾಕೀನಿ, ಗಾಜಿನ ಸಂದಿಗೆ ರಬ್ಬರ್ ಪಟ್ಟಿ ಹಚ್ಚೀನಿ.

ಇನ್ನೊಂದು: ನಮ್ಮ ಕಡೆ ಭತ್ತದ ಹೊಟ್ಟು ಬೇಕಾದಷ್ಟು ಸಿಗ್ತದಂತ ಹಾಸಬ್ಯಾಡ್ರಿ. ಧೂಳು ಭಾಳ, ಚೂಪು ಬ್ಯಾರೆ, ಉಣ್ಣುವಾಗ ಬಾಯಾಗ ಸಿಗ್ತದ. ತೆಂಗಿನ ನಾರಿನ ಪುಡಿ ಚಲೋ.

ಬಳ್ಳಾರಿಯಿಂದ ಇನ್ನೊಬ್ಬರು:

ಇರುವೆ ಬಗ್ಗೆ ಯಾರೂ ಹೇಳಲಿಲ್ಲ. ಕಟ್ಟಿರುವೆ ಗೂಡಿಗೆ ನುಗ್ಗಿದರೆ ಮರಿ ಹಾವು ಉಳಿಯುವುದು ಕಷ್ಟ. ಹಿಂದೆ ಹಾಲು ಮೊಸರಿನ ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ನಮ್ಮ ಸ್ಟ್ಯಾಂಡಿಗೂ ಹಾಗೇ ಇಟ್ಟಿದ್ದೇವೆ. ಇರುವೆ ಸೀಮೆಸುಣ್ಣ, ಜಿರಳೆ ಸ್ಪ್ರೇ ಆ ಕೋಣೆಗೆ ತರಲೇಬೇಡಿ.

ಕಾಗದಪತ್ರ ಈಗಲೇ ನೋಡಿಕೊಳ್ಳಿ. ಬಾಲ್ ಪೈಥಾನ್ ವನ್ಯಜೀವಿ ಕಾಯ್ದೆಯ 4ನೇ ಅನುಸೂಚಿಗೆ, ಅಂದರೆ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಂತ್ರಣ ಇರುವ ಜೀವಿಗಳ ಪಟ್ಟಿಗೆ ಸೇರುತ್ತೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಹೊಸದಾಗಿ ಪಡೆದವರಿಗೆ 30 ದಿನ ಸಮಯ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ಅದೇ ಕಾಯ್ದೆಯಡಿ ಅಪರಾಧ. ಗೂಡು ಖಾಲಿ ಇದೆ ಅಂತ ಗೊತ್ತಾದರೆ ಮಣ್ಣುಮುಕ್ಕ ತಂದುಕೊಡ್ತೀವಿ ಅನ್ನುವವರು ಬರುತ್ತಾರೆ. ಬಾಗಿಲಲ್ಲೇ ಬೇಡ ಅನ್ನಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಅಳತೆ ತೆಗೆದೆ. ನನ್ನ ರೂಮಿನಲ್ಲಿ ಮಧ್ಯಾಹ್ನ 39, ರಾತ್ರಿ ಹನ್ನೊಂದಕ್ಕೂ 36. ಕೆಳಗೆ ಅಜ್ಜಿ ಜೋಳದ ಚೀಲ ಇಡುತ್ತಿದ್ದ ಕೋಣೆಯಲ್ಲಿ ಮಧ್ಯಾಹ್ನ 32, ರಾತ್ರಿ 30. ಟ್ಯಾಂಕ್ ಬೇಡ ಅಂದುಬಿಟ್ಟೆ. ಆದರೆ 32 ಕಾರ್ನ್ ಸ್ನೇಕಿಗೆ ಜಾಸ್ತಿ ಅಲ್ವಾ?

ರಾಯಚೂರಿನಿಂದ:

ಜಾಸ್ತಿಯೇ. ಆದರೂ ಆ ಕೋಣೆಯನ್ನು ದಾರಿಗೆ ತರಬಹುದು. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ಒಳಗೆ ಫ್ಯಾನ್ ಹಾಕು. ಬೇಸಿಗೆಯಲ್ಲಿ ನಮ್ಮ ಗಾಳಿ ಒಣ, ಅದಕ್ಕೇ ಇದು ಕೆಲಸ ಮಾಡುತ್ತೆ. ನಮ್ಮ ಕೋಣೆಯಲ್ಲಿ ಮೂರು ನಾಲ್ಕು ಡಿಗ್ರಿ ಇಳಿಯುತ್ತೆ. ಮಳೆಗಾಲ ಶುರುವಾದ ಕೂಡಲೇ ತಟ್ಟು ಬಿಚ್ಚು, ಇಲ್ಲದಿದ್ದರೆ ಬೂಷ್ಟು ಹಿಡಿದು ಹಾವಿಗೆ ಉಸಿರಿನ ಕಾಯಿಲೆ. ಕಾರ್ನ್ ಸ್ನೇಕಿನ ಗೂಡು ಕೆಳಗಿರಲಿ, ತಂಪಿನ ತುದಿಗೆ ಒಂದು ತುಂಡು ಶಹಾಬಾದ್ ಕಲ್ಲು ಹಾಸಿ ಅದರ ಮೇಲೆ ಒಡೆದ ಗಡಿಗೆಯ ಅರ್ಧ ಬೋರಲು ಹಾಕು. ಹಗಲೆಲ್ಲ ಅದರಡಿಯಲ್ಲೇ ಇರುತ್ತೆ, ನೋಡ್ತಿರು. ಕೋಣೆ 30 ದಾಟಿದ ದಿನ ಆ ತುದಿಯಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ ಇಡು.

ಆದರೆ ಹೊಸ ಹಾವು ಬಂದ ದಿನವೇ ಆ ಕೋಣೆಗೆ ಹೋಗಬಾರದು. ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಪೇಪರ್ ಹಾಸಿದ ಡಬ್ಬಿಯಲ್ಲಿರಲಿ. ನೀರಿನ ಬಟ್ಟಲಿನ ತಳದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ಉಣ್ಣಿಯಂಥ ರಕ್ತ ಹೀರುವ ಹುಳ, ಒಂದರಿಂದ ಇನ್ನೊಂದಕ್ಕೆ ಹತ್ತುತ್ತೆ. ದಿನಾ ಮೊದಲು ಹಳೇ ಹಾವಿನ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗು. ಚಿಮಟ, ಬಟ್ಟಲು ಎರಡಕ್ಕೂ ಬೇರೆ ಬೇರೆ. ಅಷ್ಟರಲ್ಲಿ ಬಡಗಿಗೆ ಅಳತೆ ಕೊಟ್ಟು ಎರಡೂ ಗೂಡು ಮಾಡಿಸಿಕೊ. ಕೋಣೆಯ ಬಾಗಿಲ ಅಗಲ ಅಳೆದು ಹೇಳು, ನಮ್ಮದು ಒಳಗೆ ಹೋಗದೆ ಚೌಕಟ್ಟು ಬಿಚ್ಚಬೇಕಾಯಿತು.