ಅಪ್‌ಡೇಟ್: ಸಣ್ಣ ವಾಲ್ಯೂಮ್‌ನಲ್ಲಿ ಒರಟು ದನಿ, ಕೊನೆಗೂ ಕಾರಣ ಸಿಕ್ತು

ಸಣ್ಣಗೆ ಹಾಕಿದರೆ ದನಿ ಒರಟು, ಜೋರು ಮಾಡಿದರೆ ಸರಿ ಅಂತ ನನ್ನ ಹಳೇ ಕ್ಲಾಸ್ ಎಬಿ ಆಂಪ್ಲಿಫೈಯರ್ (ಸಿಗ್ನಲ್‌ನ ಎರಡು ಅರ್ಧಗಳನ್ನು ಎರಡು ಟ್ರಾನ್ಸಿಸ್ಟರ್ ಹಂಚಿಕೊಳ್ಳುವ ಥರದ್ದು) ಬಗ್ಗೆ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಸ್ಪೀಕರ್ ವೈರ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಕೆಪಾಸಿಟರ್ ಬದಲಿಸಿದ್ದಕ್ಕೆ ಹಮ್ (ಗುಂಯ್ ಅನ್ನೋ ಸದ್ದು) ಸ್ವಲ್ಪ ತಗ್ಗಿತು, ಅಷ್ಟೇ.

'ಬಯಾಸ್ ನೋಡಿ' ಅಂದವರ ಮಾತೇ ನಿಜವಾಯ್ತು, ಅವರಿಗೆ ದೊಡ್ಡ ಥ್ಯಾಂಕ್ಸ್. ಬಯಾಸ್ ಅಂದರೆ ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವಂತೆ ಇಡುವ ಸಣ್ಣ ಕರೆಂಟ್. ಆ ಕರೆಂಟ್ ಹರಿಯುವ 0.22 ಓಮ್ ಎಮಿಟರ್ ರೆಸಿಸ್ಟರ್‌ಗೆ ಮೀಟರ್ ಹಿಡಿದರೆ ವೋಲ್ಟೇಜ್ ಹೆಚ್ಚುಕಮ್ಮಿ ಸೊನ್ನೆ! ಅಂದರೆ ಪಾಪ, ಬಯಾಸೇ ಇಲ್ಲದ ಕ್ಲಾಸ್ ಬಿ ಥರ ಓಡ್ತಿತ್ತು. ಒಂದು ಟ್ರಾನ್ಸಿಸ್ಟರ್ ಆಫ್ ಆಗಿ ಇನ್ನೊಂದು ಆನ್ ಆಗುವ ನಡುವೆ ಸಿಗ್ನಲ್ ಸತ್ತೇಹೋಗ್ತಿತ್ತು. ಸಿಗ್ನಲ್‌ನ ಆಕಾರ ತೋರಿಸುವ ಸ್ಕೋಪ್‌ನಲ್ಲಿ ನೋಡಿದರೆ ಸೈನ್ ವೇವ್ ಸೊನ್ನೆ ದಾಟುವಲ್ಲೆಲ್ಲ ಒಂದು ಚಪ್ಪಟೆ ತುಂಡು. ಜೋರು ಮಾಡಿದಾಗಲೂ ಅದು ಇದ್ದೇ ಇರುತ್ತೆ, ದೊಡ್ಡ ಸಿಗ್ನಲ್‌ನಲ್ಲಿ ಅದರ ಪಾಲು ಕಮ್ಮಿ ಅಂತ ಕಿವಿಗೆ ಬೀಳಲ್ಲ.

ಬಯಾಸ್ ಪ್ರಿಸೆಟ್ (ಬಯಾಸ್ ಹೊಂದಿಸಲು ತಿರುಗಿಸುವ ಪುಟ್ಟ ರೆಸಿಸ್ಟರ್) ಸವೆದುಹೋಗಿತ್ತು. ಹೊಸದು ಹಾಕಿ, ಹೀಟ್‌ಸಿಂಕ್ ಬಿಸಿಯಾದ ಮೇಲೆ ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ಆ ಎಮಿಟರ್ ರೆಸಿಸ್ಟರ್ ಮೇಲೆ 11 ಮಿಲಿವೋಲ್ಟ್‌ಗೆ, ಅಂದರೆ 50 ಮಿಲಿಆಂಪ್‌ಗೆ ಇಟ್ಟೆ. ನನಗೆ ಆಶ್ಚರ್ಯ ಆಗಿದ್ದು: ಕ್ಲಾಸ್ ಎಬಿಯಲ್ಲಿ ಬಯಾಸ್ ಇನ್ನೂ ಏರಿಸಿದರೆ ಒಳ್ಳೆಯದೇನಲ್ಲ, ಬಿಸಿಯ ಜೊತೆಗೆ ಬೇರೆ ಥರದ ಡಿಸ್ಟಾರ್ಷನ್ ಶುರುವಾಗುತ್ತಂತೆ.

ನೀವೂ ಪ್ರಿಸೆಟ್ ಬದಲಿಸುವುದಾದರೆ, ಪವರ್ ಕೊಡುವ ಮೊದಲು ಅದನ್ನು ಬಯಾಸ್ ಅತಿ ಕಮ್ಮಿ ಇರುವ ಕಡೆಗೆ ತಿರುಗಿಸಿಡಿ. ಇಲ್ಲಾಂದ್ರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು.